ಡ್ಯೂಕ್ 1995, ನಾರ್ತ್ ಕೆರೊಲಿನಾ 2002: ಹೆಚ್ಚು ಆಳಕ್ಕೆ ಬಿದ್ದವರು ಯಾರು?

ಕ್ಯಾರಿ ಕಿಟ್ಟಣ್ಣ
ಡ್ಯೂಕ್, ನಾರ್ತ್ ಕೆರೊಲಿನಾ: ಅಮೆರಿಕದ ಎರಡು ನೆರೆಯ ವಿಶ್ವವಿದ್ಯಾಲಯಗಳು, ಬ್ಯಾಸ್ಕೆಟ್‌ಬಾಲ್‌ನಲ್ಲಿ ಬದ್ಧ ಎದುರಾಳಿಗಳು. ಗೆದ್ದ ವರ್ಷಗಳನ್ನು ಎರಡೂ ಕಡೆಯವರು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಸೋತ ವರ್ಷಗಳ ಮಾತು ಬಂದಾಗ ಮಾತ್ರ ಎಲ್ಲರಿಗೂ ಎಲ್ಲೋ ಕೆಲಸ ನೆನಪಾಗುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಡ್ಯೂಕ್, 1994-95: 13 ಗೆಲುವು, 18 ಸೋಲು. ಎಸಿಸಿ (ಇಬ್ಬರೂ ಆಡುವ ಕಾಲೇಜು ಲೀಗ್) ಪಂದ್ಯಗಳಲ್ಲಿ 2 ಗೆಲುವು, 14 ಸೋಲು.
ನಾರ್ತ್ ಕೆರೊಲಿನಾ, 2001-02: 8 ಗೆಲುವು, 20 ಸೋಲು. ಎಸಿಸಿ ಪಂದ್ಯಗಳಲ್ಲಿ 4 ಗೆಲುವು, 12 ಸೋಲು.

ಎರಡು ಅಂಗಳಗಳ ನಡುವೆ ಹದಿನಾರು ಕಿಲೋಮೀಟರ್ ದಾರಿ. ಎರಡು ಸಲವೂ ಒಬ್ಬರು ಮಣ್ಣು ಮುಕ್ಕಿದ ವರ್ಷ ಇನ್ನೊಬ್ಬರು ಮೆರೆಯುತ್ತಿದ್ದರು. 1995ರಲ್ಲಿ ನಾರ್ತ್ ಕೆರೊಲಿನಾ ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕಕ್ಕೆ, ಹೋಯಿತು. 2002ರಲ್ಲಿ ಡ್ಯೂಕ್ 31 ಪಂದ್ಯ ಗೆದ್ದಿತು. ಹಾಗಾದರೆ ದೊಡ್ಡ ಕುಸಿತ ಯಾವುದು? ನನ್ನ ಮಗ ನಾರ್ತ್ ಕೆರೊಲಿನಾ ತಂಡದ ಊರಾದ ಚಾಪೆಲ್ ಹಿಲ್‌ನಲ್ಲಿ ಓದಿದವನು, ಅಳಿಯ ಡ್ಯೂಕ್‌ನವರು, ನಾನು ಇಬ್ಬರಿಗೂ ಬೇಡವಾದವನು. ಕಾರಣ ಸಮೇತ ಬರೆಯಿರಿ. "ನಿಮ್ಮ ಕಡೆಯವರು ಮೊದಲಿನಿಂದಲೂ ಹಾಗೆಯೇ" ಎಂಬುದು ಕಾರಣವಲ್ಲ.

ತಿಳಿನೀಲಿ
ಎಂಟು ಗೆಲುವು, ಸ್ವಾಮಿ. ಎಂಟು. ಇದಕ್ಕೂ ಚರ್ಚೆ ಬೇಕೇ? ಈ ಒಂದು ವಿಷಯದಲ್ಲಾದರೂ ಡ್ಯೂಕ್‌ನವರು ನಮ್ಮನ್ನು ಹಿಂದಿಕ್ಕಲಾರರು.

ಕ್ಯಾಮರಾನ್ ಮೂಲೆ
ತಿಳಿನೀಲಿಯವರು ಒಪ್ಪಿಕೊಂಡ ಮೇಲೆ ನಾನು ಸುಮ್ಮನಿರಬಹುದಿತ್ತು. ಆದರೂ ದಾಖಲೆಗಾಗಿ ಹೇಳುತ್ತೇನೆ. ನಮ್ಮ 1995ನ್ನು ಕುಸಿತ ಎಂದು ಕರೆಯುವುದೇ ಸರಿಯಲ್ಲ. 1994ರ ಅಕ್ಟೋಬರ್‌ನಲ್ಲಿ ನಮ್ಮ ಮುಖ್ಯ ಕೋಚ್ ಮೈಕ್ ಶಶೆಫ್‌ಸ್ಕಿ (ಕೋಚ್ ಕೆ) ಅವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು. ವಿಶ್ರಾಂತಿ ಪಡೆಯಬೇಕಿದ್ದ ಮನುಷ್ಯ ಬೇಗನೆ ಅಭ್ಯಾಸಕ್ಕೆ ಬಂದರು, ನೋವು ಹೆಚ್ಚಾಯಿತು, ಜನವರಿಯ ಮೊದಲ ವಾರದಲ್ಲಿ ನಮ್ಮ ಅಂಗಳದಲ್ಲೇ ಕ್ಲೆಮ್ಸನ್ ಎದುರು ಸೋತ ಮೇಲೆ ಆ ವರ್ಷ ಮತ್ತೆ ಬೆಂಚಿಗೆ ಬರಲಿಲ್ಲ. ಆಗ ತಂಡದ ಲೆಕ್ಕ 9 ಗೆಲುವು, 3 ಸೋಲು. ಮುಂದಿನದು ಕೋಚ್ ಇಲ್ಲದ ತಂಡದ ಕಥೆ. ಮರುವರ್ಷ ಅವರು ಬಂದರು, ತಂಡ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಟೂರ್ನಿಗೆ ಮರಳಿತು, 2021ರವರೆಗೆ ಒಂದು ವರ್ಷವೂ ಅರ್ಹತೆ ತಪ್ಪಲಿಲ್ಲ. ಅನಾರೋಗ್ಯದ ರಜೆಯನ್ನು ಯಾರಾದರೂ ಅವನತಿ ಎನ್ನುತ್ತಾರೆಯೇ?

ತಿಳಿನೀಲಿ
ಆ 9-3ರಲ್ಲಿ ಎಸಿಸಿಯ ಪಂದ್ಯ ಎಷ್ಟು ಎಂದು ಹೇಳಿ ನೋಡೋಣ. ಕಠಿಣ ಪಂದ್ಯಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಪಟ್ಟಿಯಲ್ಲಿ ಗೆರೆ ಎಳೆದುಬಿಟ್ಟರು. ಉಳಿದ 4 ಗೆಲುವು, 15 ಸೋಲುಗಳನ್ನು ಪೀಟ್ ಗೊಡೆಟ್ ಎಂಬ ಪಾಪದ ಸಹಾಯಕರ ಹೆಸರಿಗೆ ಬರೆದರು. ಇವತ್ತಿಗೂ ಕೋಚ್ ಕೆ ಅವರ ಜೀವಮಾನದ ಲೆಕ್ಕದಲ್ಲಿ ಆ ಹದಿನೈದು ಸೋಲುಗಳಿಲ್ಲ. ತಂಡ ಅವರದು, ಆರಿಸಿ ತಂದ ಆಟಗಾರರು ಅವರವರು, ಹಾಕಿಕೊಟ್ಟ ಆಟದ ರೀತಿ ಅವರದು. ಸೋಲು ಮಾತ್ರ ಬೇರೆಯವರದು!

ಕ್ಯಾಮರಾನ್ ಮೂಲೆ
ಬೆಂಚಿನಲ್ಲಿ ಇಲ್ಲದವರ ಹೆಸರಿಗೆ ಬರೆಯುವುದು ಯಾವ ನ್ಯಾಯ?

ಸುಧಾ ಮಾರಿಸ್‌ವಿಲ್
ಕೇಳುವವಳಿಗೆ ತಿಳಿಯದು ಎಂದು ಬೈಯಬೇಡಿ. ಈ ಗೊಡೆಟ್ ಯಾರು? ಡ್ಯೂಕ್‌ನ ಕಥೆ ಹೇಳುವವರು ಎಷ್ಟೋ ಜನ ಇದ್ದಾರೆ, ಈ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಅಂಕಿಸಂಖ್ಯೆ
ಸುಧಾ ಅವರೇ, ಕೇಳಿಲ್ಲದಿರುವುದೇ ಕಥೆ.

ಗೊಡೆಟ್ ಕೋಚ್ ಕೆ ಅವರ ಜೊತೆ ವರ್ಷಗಟ್ಟಲೆ ಇದ್ದ ಸಹಾಯಕರು. ಎತ್ತರದ ಆಟಗಾರರನ್ನು ತಿದ್ದುವುದರಲ್ಲಿ ಎತ್ತಿದ ಕೈ. 1992ರಿಂದ ಎನ್‌ಸಿಎಎ ಒಂದು ನಿಯಮ ತಂದಿತು: ಪ್ರತಿ ತಂಡದಲ್ಲಿ ಒಬ್ಬ ಸಹಾಯಕ ಕೋಚ್‌ನ ಸಂಬಳಕ್ಕೆ ಮಿತಿ. ಶೈಕ್ಷಣಿಕ ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000, ಒಟ್ಟು 16,000. ಹೊಸಬರು ಕಲಿಯಲು ಬರುವ ಹುದ್ದೆ ಎಂಬುದು ನೆಪ. ಉದ್ದೇಶ ಖರ್ಚು ಉಳಿಸುವುದು. ಡ್ಯೂಕ್‌ನಲ್ಲಿ ಆ ಹುದ್ದೆಯಲ್ಲಿ ಕುಳಿತವರು ಹೊಸಬರಲ್ಲ, ಎರಡು ಸಲ ಚಾಂಪಿಯನ್ ಆದ ತಂಡದಲ್ಲಿ ದುಡಿದ ಗೊಡೆಟ್. ಕೋಚ್ ಕೆ ಮನೆಯಲ್ಲಿ ಮಲಗಿದಾಗ ದೇಶದಲ್ಲೇ ಹೆಸರಾದ ತಂಡದ ಹೊಣೆ ಬಿದ್ದದ್ದು ಈ ಮಿತಿ ಸಂಬಳದವರ ಹೆಗಲ ಮೇಲೆ.

ಆ ಋತು ಮುಗಿದ ಮೇಲೆ ಅವರು ಡ್ಯೂಕ್ ಬಿಟ್ಟರು. ಮುಂದೆ ವಾಂಡರ್‌ಬಿಲ್ಟ್, ಒಹಾಯೊ ಸ್ಟೇಟ್‌ಗಳ ಮಹಿಳಾ ತಂಡಗಳಲ್ಲಿ ಕೆಲಸ ಮಾಡಿದರು. ಆ ಸಂಬಳದ ನಿಯಮದ ಮೇಲೆ ಕೋಚ್‌ಗಳೆಲ್ಲ ಸೇರಿ ಮೊಕದ್ದಮೆ ಹೂಡಿದರು. ಕನ್ಸಾಸ್‌ನ ನ್ಯಾಯಾಲಯದಲ್ಲಿ ಎನ್‌ಸಿಎಎ ಸೋತಿತು, 1999ರಲ್ಲಿ 5 ಕೋಟಿ 45 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಹಣದಿಂದ ಯಾರ 4-15 ಕೂಡ ಅಳಿಸಲಿಲ್ಲ.

ಸುಧಾ ಮಾರಿಸ್‌ವಿಲ್
ಹದಿನಾರು ಸಾವಿರಕ್ಕೆ ಹದಿನೈದು ಸೋಲು. ಒಂದೊಂದು ಸೋಲಿಗೆ ಸಾವಿರ ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಹೊಟ್ಟೆ ಉರಿಯುತ್ತದೆ.

ತೋಳದ ಮರಿ
ಇದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಎನ್‌ಸಿ ಸ್ಟೇಟ್‌ನವನು ಹಾಜರಿ ಹಾಕುತ್ತಿದ್ದೇನೆ. ನೀವು ಇಬ್ಬರು ಒಂದೊಂದು ಕೆಟ್ಟ ವರ್ಷವನ್ನು ಇಟ್ಟುಕೊಂಡು ಎದೆ ಬಡಿದುಕೊಳ್ಳುತ್ತಿದ್ದೀರಿ. 1990ರ ದಶಕದಲ್ಲಿ ನಾವು ಸತತ ಐದು ಋತುಗಳಲ್ಲಿ ಗೆಲುವಿಗಿಂತ ಹೆಚ್ಚು ಸೋಲು ಕಂಡೆವು. ಆಗ ಎಸಿಸಿಯಲ್ಲಿ ಒಂಬತ್ತು ತಂಡ, ಟೂರ್ನಿಯ ಮುಖ್ಯ ಸುತ್ತಿಗೆ ಎಂಟು ಸ್ಥಾನ. ಕೊನೆಯ ಇಬ್ಬರು ಗುರುವಾರ ರಾತ್ರಿ ಆಡಿ ಒಬ್ಬರು ಉಳಿಯಬೇಕು. ಆ ಗುರುವಾರ ನಾವು ಎಷ್ಟು ಸಲ ಹಾಜರಿದ್ದೆವು ಎಂದರೆ, ಜನ ಆ ಪಂದ್ಯಕ್ಕೆ ನಮ್ಮ ಕೋಚ್ ಲೆಸ್ ರಾಬಿನ್‌ಸನ್ ಅವರ ಹೆಸರನ್ನೇ ಇಟ್ಟು "ಲೆಸ್ ರಾಬಿನ್‌ಸನ್ ಆಹ್ವಾನ ಪಂದ್ಯಾವಳಿ" ಎಂದು ಕರೆದರು. 1995ರಲ್ಲಿ ಆ ಗುರುವಾರಕ್ಕೆ ಬಂದ ಅತಿಥಿ ಯಾರು ಗೊತ್ತೇ? ಡ್ಯೂಕ್. ಒಂಬತ್ತನೆಯ ಸ್ಥಾನ.

ಅಲ್ಲಿಯೂ ನಮ್ಮನ್ನು ಸೋಲಿಸಿದರು ಎಂಬುದನ್ನು ಬೇರೆ ಯಾರಾದರೂ ಬರೆಯುವ ಮೊದಲು ನಾನೇ ಬರೆಯುತ್ತೇನೆ.

ಕ್ಯಾಮರಾನ್ ಮೂಲೆ
ನಾನು ಬರೆಯಲು ಶುರು ಮಾಡಿದ್ದೆ.

ಡರ್ಹಮ್ ರಾಯರು
ಈ ಎಳೆಯನ್ನು ಓದಿ ಸುಮ್ಮನಿರಲಾಗಲಿಲ್ಲ. 1995ರಲ್ಲಿ ನಾನು ಇಲ್ಲಿಯೇ ವಿದ್ಯಾರ್ಥಿ. ಫೆಬ್ರವರಿ 2ರ ಪಂದ್ಯವನ್ನು ನಾಲ್ವರು ಹುಡುಗರು ಬಾಡಿಗೆ ಮನೆಯ ಹಳೆಯ ಟಿವಿಯಲ್ಲಿ ನೋಡಿದೆವು. ನಾರ್ತ್ ಕೆರೊಲಿನಾ ದೇಶಕ್ಕೆ ಎರಡನೆಯ ಸ್ಥಾನದ ತಂಡ. ಸ್ಟ್ಯಾಕ್‌ಹೌಸ್, ರಶೀದ್ ವಾಲೇಸ್ ಇಬ್ಬರೂ ಇದ್ದರು. ಡ್ಯೂಕ್ ಅಲ್ಲಿಯವರೆಗೆ ಎಸಿಸಿಯಲ್ಲಿ ಆಡಿದ ಏಳನ್ನೂ ಸೋತಿತ್ತು. ಪಂದ್ಯ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಆಮೇಲೆ ಓದಿಕೊಳ್ಳೋಣ ಎಂದು ಪುಸ್ತಕ ತೆರೆದಿಟ್ಟುಕೊಂಡೇ ಕುಳಿತಿದ್ದೆವು.

ಮೊದಲ ಹೆಚ್ಚುವರಿ ಅವಧಿಯ ಕೊನೆಯ ಕ್ಷಣಗಳು. ನಾರ್ತ್ ಕೆರೊಲಿನಾ ಮೂರು ಅಂಕ ಮುಂದೆ. ಅವರ ಎತ್ತರದ ಹುಡುಗ ಸರ್ಜ್ ಝ್ವಿಕರ್ ಎರಡು ಫ್ರೀ ಥ್ರೋ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡೂ ತಪ್ಪಿದವು. ಚೆಂಡು ಜೆಫ್ ಕೇಪಲ್ ಕೈಗೆ ಬಂತು. ಓಡಿದ, ಮಧ್ಯದ ಗೆರೆ ದಾಟಿದ, ಒಂದು ಹೆಜ್ಜೆ ಇಟ್ಟು ಎಸೆದ. ಗುರಿ ಇಡುವಷ್ಟು ಸಮಯ ಎಲ್ಲಿತ್ತು? ಚೆಂಡು ಗಾಳಿಯಲ್ಲಿ ಇರುವಾಗಲೇ ಗಂಟೆ ಹೊಡೆಯಿತು, ಒಳಗೆ ಬಿತ್ತು. 95-95. ಟಿವಿಯ ಸದ್ದು ಒಡೆದು ಬರೀ ಗರಗರ ಕೇಳಿಸುತ್ತಿತ್ತು. ಪಕ್ಕದ ಮನೆಯವರು ಗೋಡೆ ಬಡಿದರು. ಸಿಟ್ಟಿಗೋ ಸಂತೋಷಕ್ಕೋ ತಿಳಿಯಲಿಲ್ಲ.

ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಡ್ಯೂಕ್ 102-100ರಿಂದ ಸೋತಿತು. ನನ್ನ ಮಾತು ಇಷ್ಟೇ: ಆ ತಂಡ ಕೆಟ್ಟದಾಗಿ ಸೋಲುತ್ತಿರಲಿಲ್ಲ. ಕೊನೆಯ ಒಂದೆರಡು ನಿಮಿಷದಲ್ಲಿ ಕೈ ತಪ್ಪಿಸಿಕೊಳ್ಳುತ್ತಿತ್ತು. ಅದು ನೋಡಲು ಇನ್ನೂ ಕಷ್ಟ.

ತಿಳಿನೀಲಿ
ರಾಯರೇ, ಗೆದ್ದವರು ನಾವು, ನೆನಪಿಡುವುದು ನಿಮ್ಮ ಹುಡುಗನ ಎಸೆತ. ಇದು ಡ್ಯೂಕ್‌ನ ಇನ್ನೊಂದು ಕಲೆ.

ನಮ್ಮ 2002ರಲ್ಲಿ ನೆನಪಿಡುವುದಕ್ಕೆ ಅಂತಹ ಒಂದು ಎಸೆತವೂ ಇಲ್ಲ. ಋತುವಿನ ಮೊದಲ ಪಂದ್ಯದಲ್ಲೇ ನಮ್ಮ ಅಂಗಳದಲ್ಲಿ ಹ್ಯಾಂಪ್ಟನ್ ಎದುರು ಸೋಲು. ಆಮೇಲೆ ಡೇವಿಡ್‌ಸನ್ ಎದುರು, ಅದೂ ಮನೆಯಲ್ಲೇ. ಜನವರಿಯಲ್ಲಿ ಮೇರಿಲ್ಯಾಂಡ್‌ಗೆ ಹೋಗಿ 112-79. ಡ್ಯೂಕ್ ನಮ್ಮ ಮನೆಗೆ ಬಂದು 87-58ರಿಂದ ಹೊಡೆಯಿತು, ತನ್ನ ಮನೆಯಲ್ಲಿ 93-68ರಿಂದ ಹೊಡೆಯಿತು, ಎಸಿಸಿ ಟೂರ್ನಿಯಲ್ಲಿ 60-48. ಇಪ್ಪತ್ತೊಂದು ಸಾವಿರ ಜನ ಕೂರುವ ಸಭಾಂಗಣದಿಂದ ಜನ ಪಂದ್ಯ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರು.

ಮುರಿದದ್ದು ಏನೇನು ಎಂಬುದನ್ನೂ ಕೇಳಿ. ಸತತ 27 ವರ್ಷ ಎನ್‌ಸಿಎಎ ಟೂರ್ನಿ. ಸತತ 31 ಋತು ಇಪ್ಪತ್ತಕ್ಕಿಂತ ಕಡಿಮೆ ಗೆದ್ದದ್ದಿಲ್ಲ. ಗೆಲುವಿಗಿಂತ ಸೋಲು ಹೆಚ್ಚಾದದ್ದು ಅದಕ್ಕೆ ಮುಂಚೆ 1961-62ರಲ್ಲಿ, ಡೀನ್ ಸ್ಮಿತ್ ಅವರ ಮೊದಲ ವರ್ಷ, 8-9. ನಲವತ್ತು ವರ್ಷ ಕಟ್ಟಿದ್ದು ಒಂದು ಚಳಿಗಾಲದಲ್ಲಿ ಹೋಯಿತು. ಕೋಚ್‌ಗೆ ಬೆನ್ನು ನೋವಿರಲಿಲ್ಲ. ಕೋಚ್ ಅಲ್ಲಿಯೇ ನಿಂತಿದ್ದರು.

ಅಂಕಿಸಂಖ್ಯೆ
ಇನ್ನೊಂದು ಸೇರಿಸಿ. ಹಿಂದಿನ ವರ್ಷ ಅದೇ ಕೋಚ್ ಮ್ಯಾಟ್ ಡೊಹರ್ಟಿ 26-7 ಮಾಡಿ ಎಪಿ ಸುದ್ದಿಸಂಸ್ಥೆಯ ವರ್ಷದ ಕೋಚ್ ಪ್ರಶಸ್ತಿ ಪಡೆದಿದ್ದರು. ಪ್ರಶಸ್ತಿಯಿಂದ 8-20ಕ್ಕೆ ಹನ್ನೆರಡು ತಿಂಗಳು.

ಬಸವನಗುಡಿಯಿಂದ
ಬೆಂಗಳೂರಿನಿಂದ ಓದುತ್ತಿದ್ದೇನೆ. ಒಂದು ಅನುಮಾನ. ಕಾಲೇಜು ತಂಡ ಸೋತದ್ದನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಾರೆಯೇ? ನಮ್ಮಲ್ಲಿ ಅಂತರ ಕಾಲೇಜು ಪಂದ್ಯಕ್ಕೆ ಆಡುವವರ ಗೆಳೆಯರು ಬರುತ್ತಾರೆ, ಪಿ.ಟಿ. ಮೇಷ್ಟ್ರು ಬರುತ್ತಾರೆ, ಮುಗಿಯಿತು.

ಸುಧಾ ಮಾರಿಸ್‌ವಿಲ್
ಬಂದ ಹೊಸದರಲ್ಲಿ ನನಗೂ ಹೀಗೆಯೇ ಅನಿಸಿತ್ತು. ಈ ರಾಜ್ಯಕ್ಕೆ ಷಾರ್ಲೆಟ್ ಹಾರ್ನೆಟ್ಸ್ ಎಂಬ ಎನ್‌ಬಿಎ ತಂಡ ಬಂದದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಜನರ ನಿಷ್ಠೆ ಎಲ್ಲ ಕಾಲೇಜುಗಳಿಗೆ ಹಂಚಿಹೋಗಿತ್ತು. ಇಲ್ಲಿ ಹೊಸಬರು ಮನೆ ಮಾಡಿದರೆ ಪಕ್ಕದವರು ಕೇಳುವ ಪ್ರಶ್ನೆಗಳಲ್ಲಿ "ನೀವು ಯಾರ ಕಡೆ?" ಎಂಬುದೂ ಒಂದು.

ನನ್ನ ಅಕ್ಕನ ಮಗಳು ಡ್ಯೂಕ್‌ನಲ್ಲಿದ್ದಾಗ ನಾರ್ತ್ ಕೆರೊಲಿನಾ ಪಂದ್ಯಕ್ಕಾಗಿ ವಾರಗಟ್ಟಲೆ ಡೇರೆಯಲ್ಲಿ ಮಲಗಿದಳು. ಕ್ರೀಡಾಂಗಣದ ಹೊರಗಿನ ಹುಲ್ಲಿನ ಮೇಲೆ ಡೇರೆಗಳ ಊರೇ ಇರುತ್ತದೆ, ಕೋಚ್ ಹೆಸರಿನಲ್ಲೇ ಕರೆಯುತ್ತಾರೆ. ಒಳಗೆ ಕೂರಲು ಇರುವುದು 9,314 ಜಾಗ ಮಾತ್ರ, ಅದಕ್ಕೆ ಈ ತಪಸ್ಸು. ರಾತ್ರಿ ಯಾವ ಹೊತ್ತಿನಲ್ಲಾದರೂ ಹಾಜರಿ ಕೂಗುತ್ತಾರೆ, ಡೇರೆಯಲ್ಲಿ ಇರಬೇಕಾದಷ್ಟು ಜನ ಇಲ್ಲದಿದ್ದರೆ ಸಾಲಿನ ಕೊನೆಗೆ. ನಾನು ಪುಳಿಯೋಗರೆ ತೆಗೆದುಕೊಂಡು ಹೋದರೆ, ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಅನ್ನ ಇಟ್ಟಿಗೆಯಾಗಿತ್ತು. ಹುಡುಗರು ಅದನ್ನೇ ಚಮಚದಲ್ಲಿ ಕೆತ್ತಿಕೊಂಡು ತಿಂದರು. ಅಕ್ಕ ಫೋನಿನಲ್ಲಿ ಕೇಳಿದಾಗ "ಗ್ರಂಥಾಲಯದಲ್ಲಿದ್ದಾಳೆ" ಎಂದೆ.

ಬಸವನಗುಡಿಯಿಂದ
ಅರ್ಥವಾಯಿತು. ನಮ್ಮ ಆರ್‌ಸಿಬಿ 2017ರಲ್ಲಿ 49ಕ್ಕೆ ಆಲೌಟ್ ಆಯಿತಲ್ಲ, ಅದನ್ನು ನಾನೂ ಸಾಯುವವರೆಗೆ ಮರೆಯುವುದಿಲ್ಲ.

ಲೂಯಿವಿಲ್ ಲೋಕಿ
ಎಂಟು ಗೆಲುವಿಗೆ ಅಳುವವರು ನಮ್ಮ ಕಡೆ ಸ್ವಲ್ಪ ನೋಡಿ. ಲೂಯಿವಿಲ್, 2022-23: 4 ಗೆಲುವು, 28 ಸೋಲು. ಮೊದಲ ಮೂರು ಪಂದ್ಯಗಳನ್ನು ಒಂದೊಂದೇ ಅಂಕದಿಂದ ಸೋತೆವು. ಬೆಲ್ಲರ್ಮಿನ್ 67-66, ರೈಟ್ ಸ್ಟೇಟ್ 73-72, ಅಪಲಾಚಿಯನ್ ಸ್ಟೇಟ್ 61-60. ಮೂರಂಕ ಹೆಚ್ಚು ಹಾಕಿದ್ದರೆ ಆ ವರ್ಷದ ಕಥೆಯೇ ಬೇರೆ ಎಂದು ನಂಬಿ ನವೆಂಬರ್ ಕಳೆದೆ. ಡಿಸೆಂಬರ್‌ನಲ್ಲಿ ನಂಬುವುದನ್ನು ಬಿಟ್ಟೆ.

ಡೊಹರ್ಟಿಯವರಂತೆ ನಮ್ಮ ಆಗಿನ ಕೋಚ್ ಕೆನ್ನಿ ಪೇನ್ ಕೂಡ ಮನೆಯ ಮಗ. 1986ರ ಚಾಂಪಿಯನ್ ತಂಡದಲ್ಲಿ ಆಡಿದವರು. ಡೊಹರ್ಟಿ 1982ರಲ್ಲಿ ಜೋರ್ಡನ್ ಜೊತೆ ಗೆದ್ದವರು. ಹಳೆಯ ವಿದ್ಯಾರ್ಥಿಯನ್ನು ಕರೆತಂದರೆ ಹಳೆಯ ವೈಭವವೂ ಜೊತೆಗೆ ಬರುತ್ತದೆ ಎಂಬ ಲೆಕ್ಕ. ಎರಡು ವರ್ಷಕ್ಕೆ 12 ಗೆಲುವು, 52 ಸೋಲು ಬಂತು. ಇದೆಲ್ಲ ನಡೆಯುವಾಗ ಪಕ್ಕದ ಕೆಂಟಕಿಯವರು ನಮ್ಮನ್ನು ಅಣಕಿಸಿದ್ದರೂ ಸಹಿಸಬಹುದಿತ್ತು. ಕನಿಕರ ತೋರಿಸಲು ಶುರು ಮಾಡಿದರು. ಅದು ಸಹಿಸಲಾಗಲಿಲ್ಲ.

ಅಂಕಿಸಂಖ್ಯೆ
ಕೆಂಟಕಿಯವರಿಗೆ 2020-21 ನೆನಪಿಸಬೇಕಿತ್ತು. 9-16.

ಲೂಯಿವಿಲ್ ಲೋಕಿ
ನೆನಪಿಸಿದೆ. "ಅದು ಕೊರೊನಾ ವರ್ಷ, ಲೆಕ್ಕಕ್ಕಿಲ್ಲ" ಎಂದರು.

ತೋಳದ ಮರಿ
ಲೋಕಿಯವರೇ, ಪೇನ್ ಅವರ ಕೊನೆಯ ಪಂದ್ಯ ನಮ್ಮ ಎದುರು. 2024ರ ಎಸಿಸಿ ಟೂರ್ನಿ, ಮಂಗಳವಾರ. ನಿಮ್ಮನ್ನು ಸೋಲಿಸಿ ಶುರು ಮಾಡಿದವರು ಐದು ದಿನದಲ್ಲಿ ಐದು ಪಂದ್ಯ ಗೆದ್ದು, ಶನಿವಾರ ನಾರ್ತ್ ಕೆರೊಲಿನಾವನ್ನು ಸೋಲಿಸಿ 1987ರ ನಂತರ ಮೊದಲ ಸಲ ಎಸಿಸಿ ಗೆದ್ದೆವು. ಆಮೇಲೆ ಡ್ಯೂಕ್‌ನ್ನು 76-64ರಿಂದ ಸೋಲಿಸಿ ಫೈನಲ್ ಫೋರ್.

ತಿಳಿನೀಲಿ
ಮರುವರ್ಷ?

ತೋಳದ ಮರಿ
ಮರುವರ್ಷದ ಮಾತು ಏಕೆ?

ಅಂಕಿಸಂಖ್ಯೆ
12-19. ಹದಿನೆಂಟು ತಂಡಗಳಲ್ಲಿ ಹದಿನೈದಕ್ಕೆ ಎಸಿಸಿ ಟೂರ್ನಿಗೆ ಪ್ರವೇಶವಿತ್ತು. ಎನ್‌ಸಿ ಸ್ಟೇಟ್‌ಗೆ ಇರಲಿಲ್ಲ. ಕೋಚ್ ಕೆವಿನ್ ಕೀಟ್ಸ್ ಕೆಲಸ ಕಳೆದುಕೊಂಡರು.

ನಿರ್ವಾಹಕ
ಗೆಳೆಯರೇ, ಕೇಳಿದ ಪ್ರಶ್ನೆ 1995 ಮತ್ತು 2002. ಟಿಕೆಟ್ ಮಾರುವ ಎರಡು ಸಂದೇಶಗಳನ್ನು ತೆಗೆದುಹಾಕಿದ್ದೇನೆ. ಅದಕ್ಕೆ ಬೇರೆ ವಿಭಾಗವಿದೆ.

ಚಾಪೆಲ್ ಹಿಲ್ ಚಂದ್ರು
ಸರಿ, ಪ್ರಶ್ನೆಗೆ ಬರುತ್ತೇನೆ. ತಿಳಿನೀಲಿಯವರು ಬರೀ ಗಾಯ ತೋರಿಸಿದರು, ಕಾರಣ ಹೇಳಲಿಲ್ಲ.

1997ರ ಅಕ್ಟೋಬರ್‌ನಲ್ಲಿ ಡೀನ್ ಸ್ಮಿತ್ 879 ಗೆಲುವುಗಳೊಂದಿಗೆ ನಿವೃತ್ತರಾದರು. ಅವರ ಸಹಾಯಕರಾಗಿದ್ದ ಬಿಲ್ ಗತ್ರಿಜ್ ಮೂರು ವರ್ಷ ನಡೆಸಿದರು, ಎರಡು ಸಲ ಫೈನಲ್ ಫೋರ್. 2000ರಲ್ಲಿ ಎಲ್ಲರೂ ರಾಯ್ ವಿಲಿಯಮ್ಸ್ ಕನ್ಸಾಸ್‌ನಿಂದ ಬರುತ್ತಾರೆ ಎಂದು ಕಾದರು, ಅವರು ಅಲ್ಲಿಯೇ ಉಳಿದರು. ಹೀಗೆ ಡೊಹರ್ಟಿ ಬಂದರು. ನಾಟರ್ ಡೇಮ್‌ನಲ್ಲಿ ಒಂದೇ ವರ್ಷ ಮುಖ್ಯ ಕೋಚ್ ಆಗಿದ್ದ ಅನುಭವ. ಬರುವಾಗ ತಮ್ಮ ಸಹಾಯಕರನ್ನು ಜೊತೆಗೆ ಕರೆತಂದರು, ಫಿಲ್ ಫೋರ್ಡ್ ಸೇರಿದಂತೆ ಹಳಬರು ಹೊರಗೆ ಹೋದರು. ಒಟ್ಟು ಕುಟುಂಬದ ಮನೆಗೆ ಬಂದ ಹೊಸ ಸೊಸೆ ಮೊದಲ ದಿನವೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಬದಲಾಯಿಸಿದಂತೆ ಆಯಿತು. ತಪ್ಪೇನಿಲ್ಲ, ಆದರೆ ಮೊದಲ ಸಲ ಸಾರು ಕೆಟ್ಟಾಗ ಯಾರೂ ಜೊತೆಗೆ ನಿಲ್ಲುವುದಿಲ್ಲ.

ಆಟಗಾರರ ಲೆಕ್ಕವನ್ನೂ ನೋಡಿ. ಬ್ರೆಂಡನ್ ಹೇವುಡ್ ಓದು ಮುಗಿಸಿದರು. ಜೋಸೆಫ್ ಫೋರ್ಟ್ ಎರಡೇ ವರ್ಷಕ್ಕೆ ಎನ್‌ಬಿಎಗೆ ಹೋದರು. ಜೂಲಿಯಸ್ ಪೆಪ್ಪರ್ಸ್ ಮತ್ತು ರೊನಾಲ್ಡ್ ಕರ್ರಿ ಮೂಲತಃ ಅಮೆರಿಕನ್ ಫುಟ್‌ಬಾಲ್ ಹುಡುಗರು, ಆ ವರ್ಷ ಬ್ಯಾಸ್ಕೆಟ್‌ಬಾಲ್‌ಗೆ ಬರಲಿಲ್ಲ. ಉಳಿದವರು ಜೇಸನ್ ಕೇಪಲ್, ಕ್ರಿಸ್ ಲ್ಯಾಂಗ್, ಜೊತೆಗೆ ಮೀಸೆ ಮೂಡದ ಹೊಸಬರು.

ಡ್ಯೂಕ್ 1995ಕ್ಕೆ ಈ ನೆಪ ಇಲ್ಲ. ಗ್ರಾಂಟ್ ಹಿಲ್ ಹೋಗಿದ್ದರು, ನಿಜ. ಆದರೆ ಚೆರೋಕಿ ಪಾರ್ಕ್ಸ್ ಇದ್ದರು, ಟ್ರಜಾನ್ ಲ್ಯಾಂಗ್ಡನ್ ಇದ್ದರು, ಕ್ರಿಸ್ ಕಾಲಿನ್ಸ್ ಇದ್ದರು. ಹಿಂದಿನ ವರ್ಷ ಫೈನಲ್ ಆಡಿದ ತಂಡ ಅದು. ಅಷ್ಟು ಸರಕು ಇಟ್ಟುಕೊಂಡು 2-14! ನನ್ನ ತೀರ್ಪು: ಆಳ ನಮ್ಮದು ಹೆಚ್ಚು, ನಾಚಿಕೆ ಅವರದು ಹೆಚ್ಚು.

ಕ್ಯಾಮರಾನ್ ಮೂಲೆ
ಚಂದ್ರು ಅವರೇ, ಒಂದೇ ಬಾಯಲ್ಲಿ ಎರಡು ಮಾತು. ಕೋಚ್ ಬದಲಾದರೆ ಎಲ್ಲ ಕೆಡುತ್ತದೆ ಎಂದು ನಿಮಗೆ ವಿನಾಯಿತಿ. ಋತುವಿನ ನಡುವೆ ಕೋಚ್ ಮಾಯವಾದರೆ ನಮಗೆ ನಾಚಿಕೆ!

ಚಾಪೆಲ್ ಹಿಲ್ ಚಂದ್ರು
ಡೊಹರ್ಟಿಗೆ ವಿನಾಯಿತಿ ಯಾರು ಕೊಟ್ಟರು? 2003ರ ಏಪ್ರಿಲ್ 1ಕ್ಕೆ ರಾಜೀನಾಮೆ ಕೊಡಿಸಿ ಕಳುಹಿಸಿದರು. ನಿಮ್ಮಲ್ಲಿ ಕೋಚ್ ಕೆ ಮೊದಲ ಮೂರು ವರ್ಷಗಳಲ್ಲಿ 10-17, 11-17 ಎಂದು ಎರಡು ಋತು ಕಳೆದಾಗ ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ತಾಳಿಕೊಂಡರು, 1984ರ ಜನವರಿಯಲ್ಲಿ ಒಪ್ಪಂದವನ್ನೇ ವಿಸ್ತರಿಸಿದರು. ನಮ್ಮಲ್ಲಿಯೂ 1965ರಲ್ಲಿ ಡೀನ್ ಸ್ಮಿತ್ ಪ್ರತಿಕೃತಿಯನ್ನು ಹುಡುಗರು ನೇಣು ಹಾಕಿದ್ದರು, ಬಸ್ಸಿನಿಂದ ಇಳಿದ ಆಟಗಾರ ಬಿಲ್ಲಿ ಕನ್ನಿಂಗ್‌ಹ್ಯಾಮ್ ಹೋಗಿ ಕಿತ್ತು ಹಾಕಿದರು. ಆಗ ತಾಳ್ಮೆ ಇತ್ತು. 2003ರ ಹೊತ್ತಿಗೆ ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಡರ್ಹಮ್ ರಾಯರು
ಯಾರೂ ಗಮನಿಸಲಿಲ್ಲವೇ? 1995ರಲ್ಲಿ ಮಧ್ಯದ ಗೆರೆಯಿಂದ ಎಸೆದವನು ಜೆಫ್ ಕೇಪಲ್. 2002ರಲ್ಲಿ 8-20ರ ತಂಡದಲ್ಲಿ ಕೊನೆಯ ವರ್ಷ ಕಳೆದವನು ಜೇಸನ್ ಕೇಪಲ್. ಸ್ವಂತ ಅಣ್ಣತಮ್ಮಂದಿರು. ಅಣ್ಣ ಡ್ಯೂಕ್‌ನ ಆ ಕೆಟ್ಟ ವರ್ಷದಲ್ಲಿ, ತಮ್ಮ ನಾರ್ತ್ ಕೆರೊಲಿನಾದ ಅತಿ ಕೆಟ್ಟ ವರ್ಷದಲ್ಲಿ. ತಂದೆಯೂ ಕಾಲೇಜು ಕೋಚ್ ಆಗಿದ್ದವರು. ಕಿಟ್ಟಣ್ಣನವರ ಮನೆಯ ಮಗ-ಅಳಿಯ ಜಗಳವನ್ನು ಆ ಮನೆಯ ಊಟದ ಮೇಜಿನಲ್ಲಿ ಊಹಿಸಿ.

ಸುಧಾ ಮಾರಿಸ್‌ವಿಲ್
ನಿಜವೇ? ಈಗ ಇಬ್ಬರೂ ಎಲ್ಲಿದ್ದಾರೆ?

ಡರ್ಹಮ್ ರಾಯರು
ಅಣ್ಣ ಕೆಲವು ವರ್ಷ ಡ್ಯೂಕ್‌ನಲ್ಲಿ ಕೋಚ್ ಕೆ ಅವರ ಸಹಾಯಕರಾಗಿದ್ದು, 2018ರಲ್ಲಿ ಪಿಟ್ಸ್‌ಬರ್ಗ್‌ನ ಮುಖ್ಯ ಕೋಚ್ ಆದರು. ತಮ್ಮನನ್ನು ತಮ್ಮ ಸಹಾಯಕರನ್ನಾಗಿ ಸೇರಿಸಿಕೊಂಡರು.

ಕ್ಯಾರಿ ಕಿಟ್ಟಣ್ಣ
ರಾಯರೇ, ಇದನ್ನು ಅಳಿಯನಿಗೆ ಓದಿ ಹೇಳಿದೆ. ಗೊತ್ತಿತ್ತಂತೆ. ಗೊತ್ತಿದ್ದವರು ಹೇಳಬೇಕಲ್ಲ!

ನನ್ನ ಇನ್ನೊಂದು ಪ್ರಶ್ನೆ. ಇಬ್ಬರೂ ಒಟ್ಟಿಗೆ ಕೆಟ್ಟ ವರ್ಷ ಇಲ್ಲವೇ? 2021?

ಅಂಕಿಸಂಖ್ಯೆ
ಹತ್ತಿರದ್ದು ಅದೇ. 2021ರ ಫೆಬ್ರವರಿ 6ರಂದು ಇಬ್ಬರೂ ಆಡಿದಾಗ ದೇಶದ ಮೊದಲ 25 ತಂಡಗಳ ಪಟ್ಟಿಯಲ್ಲಿ ಇಬ್ಬರಿಗೂ ರ‍್ಯಾಂಕ್ ಇರಲಿಲ್ಲ. ಹಾಗಾದದ್ದು 1960ರ ನಂತರ ಮೊದಲ ಸಲ. ಡ್ಯೂಕ್ 13-11ಕ್ಕೆ ನಿಂತಿತು. ಎಸಿಸಿ ಟೂರ್ನಿಯಲ್ಲಿ ಎರಡು ಪಂದ್ಯ ಗೆದ್ದು ಮೂರನೆಯದಕ್ಕೆ ಕಾಯುವಾಗ ತಂಡದಲ್ಲಿ ಕೊರೊನಾ ಪತ್ತೆಯಾಗಿ ಋತುವೇ ಮುಗಿಯಿತು. ನಾರ್ತ್ ಕೆರೊಲಿನಾ ಡ್ಯೂಕ್‌ನ್ನು ಎರಡು ಸಲ ಸೋಲಿಸಿ 18-11 ಮಾಡಿತು. ಎನ್‌ಸಿಎಎಯ ಮೊದಲ ಪಂದ್ಯದಲ್ಲಿ ವಿಸ್ಕಾನ್ಸಿನ್ ಎದುರು 85-62. ಅದಕ್ಕೂ ಮುಂಚೆ ರಾಯ್ ವಿಲಿಯಮ್ಸ್ ಮೊದಲ ಸುತ್ತಿನಲ್ಲಿ ಸೋತದ್ದೇ ಇಲ್ಲ, 29ಕ್ಕೆ 29. ಕೆಲವೇ ದಿನಗಳಲ್ಲಿ, ಏಪ್ರಿಲ್ 1ರಂದು, ನಿವೃತ್ತಿ ಘೋಷಿಸಿದರು. ಚಾಪೆಲ್ ಹಿಲ್‌ನಲ್ಲಿ ಏಪ್ರಿಲ್ 1 ಬಂದರೆ ಫೋನ್ ಆರಿಸಿಡುವುದು ಒಳ್ಳೆಯದು.

ತಿಳಿನೀಲಿ
ಅದಕ್ಕೂ ಒಂದು ವರ್ಷ ಹಿಂದಿನ 14-19ನ್ನು ಬರೆಯದೆ ಬಿಟ್ಟದ್ದಕ್ಕೆ ಧನ್ಯವಾದ. ಕ್ಲೆಮ್ಸನ್ ಚಾಪೆಲ್ ಹಿಲ್‌ಗೆ 59 ಸಲ ಬಂದು 59 ಸಲ ಸೋತಿತ್ತು. ಅರವತ್ತನೆಯ ಸಲ ಗೆದ್ದಿತು. ಆ ರಾತ್ರಿ ನಾನು ಅಲ್ಲಿದ್ದೆ. ಹೆಚ್ಚುವರಿ ಅವಧಿ ಮುಗಿದ ಮೇಲೂ ಜನ ಎದ್ದು ಹೋಗದೆ ಅಂಕಫಲಕವನ್ನೇ ನೋಡುತ್ತಾ ಕುಳಿತಿದ್ದರು. ಮೆಟ್ಟಿಲು ಇಳಿಯುವಾಗ ಹಿಂದೆ ಇದ್ದ ಅಜ್ಜ ಒಬ್ಬರು ಯಾರಿಗೂ ಹೇಳದಂತೆ "ಕ್ಲೆಮ್ಸನ್?" "ಕ್ಲೆಮ್ಸನ್?" ಎಂದು ಕೇಳಿಕೊಳ್ಳುತ್ತಿದ್ದರು.

ಸುಧಾ ಮಾರಿಸ್‌ವಿಲ್
2022ರ ಏಪ್ರಿಲ್ 2ನ್ನು ಯಾರೂ ಹೇಳುತ್ತಿಲ್ಲ. ಅವತ್ತು ಯುಗಾದಿ. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ಹೋಳಿಗೆ, ರಾತ್ರಿ ಫೈನಲ್ ಫೋರ್‌ನಲ್ಲಿ ಡ್ಯೂಕ್-ನಾರ್ತ್ ಕೆರೊಲಿನಾ. ಎನ್‌ಸಿಎಎ ಟೂರ್ನಿಯಲ್ಲಿ ಇಬ್ಬರೂ ಎದುರಾದದ್ದು ಅದೇ ಮೊದಲು. 81-77ರಿಂದ ನಾರ್ತ್ ಕೆರೊಲಿನಾ ಗೆದ್ದಿತು, ಅದು ಕೋಚ್ ಕೆ ಅವರ ಕೊನೆಯ ಪಂದ್ಯ. ನಮ್ಮ ಮನೆಗೆ ಬಂದಿದ್ದವರಲ್ಲಿ ಅರ್ಧ ಜನ ಬೇವು, ಅರ್ಧ ಜನ ಬೆಲ್ಲ.

ಕ್ಯಾಮರಾನ್ ಮೂಲೆ
ನನಗೆ ಹೋಳಿಗೆಯೂ ಸೇರಲಿಲ್ಲ ಆ ರಾತ್ರಿ.

ಚಾಪೆಲ್ ಹಿಲ್ ಚಂದ್ರು
ಮರುವರ್ಷ ನಾವು ಮೊದಲ ರ‍್ಯಾಂಕ್‌ನಲ್ಲಿ ಶುರು ಮಾಡಿ ಟೂರ್ನಿಗೇ ಹೋಗಲಿಲ್ಲ. 1985ರಲ್ಲಿ ಟೂರ್ನಿ 64 ತಂಡಕ್ಕೆ ಹಿಗ್ಗಿದ ಮೇಲೆ ಹಾಗೆ ಮಾಡಿದ ಮೊದಲಿಗರು. ಇದನ್ನೂ ಪಟ್ಟಿಗೆ ಸೇರಿಸಿ, ಕಿಟ್ಟಣ್ಣ.

ಸುಧಾ ಮಾರಿಸ್‌ವಿಲ್
ನನಗೆ ಗೊಡೆಟ್ ವಿಷಯ ತಲೆಯಿಂದ ಹೋಗುತ್ತಿಲ್ಲ. ಚಂದ್ರು ಹೇಳಿದ "ಮೀಸೆ ಮೂಡದ ಹೊಸಬರು" ಯಾರು ಎಂದು ಹುಡುಕಿದೆ. ಜವಾದ್ ವಿಲಿಯಮ್ಸ್, ಜಾಕಿ ಮ್ಯಾನ್ಯುಯೆಲ್, ಮೆಲ್ವಿನ್ ಸ್ಕಾಟ್. ಮೂವರೂ 2005ರಲ್ಲಿ ಕೊನೆಯ ವರ್ಷದಲ್ಲಿದ್ದರು, ಇಲಿನಾಯ್ ಎದುರು 75-70ರಿಂದ ಚಾಂಪಿಯನ್ ಆದರು. ಆ ತಂಡದ ಫೆಲ್ಟನ್, ಮೆಕ್ಯಾಂಟ್ಸ್, ಶಾನ್ ಮೇ ಮೂವರನ್ನೂ ಕರೆತಂದವರು ಡೊಹರ್ಟಿ. ಗೆಲುವು ರಾಯ್ ವಿಲಿಯಮ್ಸ್ ಅವರ ಹೆಸರಿನಲ್ಲಿದೆ.

ಅಂದರೆ ಕೋಚ್ ಕೆ ಕಟ್ಟಿದ ತಂಡದ ಸೋಲು ಗೊಡೆಟ್‌ಗೆ, ಏಕೆಂದರೆ ಬೆಂಚಿನಲ್ಲಿದ್ದವರು ಅವರು. ಡೊಹರ್ಟಿ ಕಟ್ಟಿದ ತಂಡದ ಗೆಲುವು ರಾಯ್‌ಗೆ, ಏಕೆಂದರೆ ಬೆಂಚಿನಲ್ಲಿದ್ದವರು ಅವರು. ನಿಯಮ ಒಂದೇ. ಆದರೆ ಎರಡು ಸಲವೂ ಲಾಭ ದೊಡ್ಡವರ ಖಾತೆಗೇ ಹೋಯಿತು. ಕ್ಯಾಮರಾನ್ ಮೂಲೆಯವರು "ಯಾವ ನ್ಯಾಯ" ಎಂದು ಕೇಳಿದ್ದರಲ್ಲ, ಈಗ ಹೇಳಲಿ.

ಕ್ಯಾಮರಾನ್ ಮೂಲೆ
2003ರಲ್ಲಿ ಅದೇ ಫೆಲ್ಟನ್, ಅದೇ ಮೆಕ್ಯಾಂಟ್ಸ್ ಇಟ್ಟುಕೊಂಡು ಡೊಹರ್ಟಿ 19-16 ಮಾಡಿದರು. ಆಟಗಾರರೇ ಅವರ ಮೇಲೆ ದೂರಿದರು. ಹುಡುಗರನ್ನು ಕರೆತರುವುದು ಬೇರೆ, ಗೆಲ್ಲಿಸುವುದು ಬೇರೆ.

ಚಾಪೆಲ್ ಹಿಲ್ ಚಂದ್ರು
ಶಾನ್ ಮೇ ಕಾಲು ಮುರಿದುಕೊಂಡು ಕೂತಿದ್ದರು ಆ ವರ್ಷ. ಅದಕ್ಕೂ ಮೊದಲು ಕನ್ಸಾಸ್‌ನ್ನೂ ಸ್ಟ್ಯಾನ್‌ಫರ್ಡ್‌ನ್ನೂ ಸೋಲಿಸಿದ್ದರು. ಕನ್ಸಾಸ್ ಕೋಚ್ ಆಗ ಯಾರು? ರಾಯ್ ವಿಲಿಯಮ್ಸ್!

ಅಂಕಿಸಂಖ್ಯೆ
ಸುಧಾ ಅವರ ಲೆಕ್ಕ ಸರಿ. ನಾನು ಇಷ್ಟು ಸಂಖ್ಯೆ ಬರೆದೆ, ಈ ಎರಡನ್ನು ಪಕ್ಕದಲ್ಲಿಟ್ಟು ನೋಡುವುದು ಹೊಳೆದಿರಲಿಲ್ಲ.

ಡರ್ಹಮ್ ರಾಯರು
ನನ್ನ ಮತ 2002ಕ್ಕೆ. ನಾನು ಡ್ಯೂಕ್ ಕಡೆಯವನು, ಆದ್ದರಿಂದ ಎಣಿಸಬೇಡಿ.

ಬಸವನಗುಡಿಯಿಂದ
ಎಲ್ಲ ಓದಿದೆ. ಈ ಋತುವಿನಿಂದ ನಾನೂ ನೋಡುತ್ತೇನೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದರೆ ಚಳಿಗಾಲದಲ್ಲಿ ನಮಗೆ ಬೆಳಗ್ಗೆ ಏಳೂವರೆ, ಕಾಫಿಯ ಹೊತ್ತು, ಕಚೇರಿಗೆ ಹೊರಡುವ ಮೊದಲು ಅರ್ಧವಾದರೂ ಸಿಗುತ್ತದೆ. ಯಾವ ತಂಡ ಹಿಡಿಯಲಿ? ಒಂದೇ ಉತ್ತರ ಕೊಡಿ.

ತಿಳಿನೀಲಿ
ನಾರ್ತ್ ಕೆರೊಲಿನಾ.

ಕ್ಯಾಮರಾನ್ ಮೂಲೆ
ಡ್ಯೂಕ್. ಇದು ಪ್ರಶ್ನೆಯೇ?

ಲೂಯಿವಿಲ್ ಲೋಕಿ
ಲೂಯಿವಿಲ್. 2024ರಲ್ಲಿ ಕೋಚ್ ಪ್ಯಾಟ್ ಕೆಲ್ಸಿ ಬಂದ ಮೊದಲ ವರ್ಷವೇ 27-8.

ತೋಳದ ಮರಿ
ಎನ್‌ಸಿ ಸ್ಟೇಟ್. ಹದಿನೆಂಟು ವರ್ಷ ಆರ್‌ಸಿಬಿ ಕಪ್‌ಗೆ ಕಾದವರಿಗೆ ನಮ್ಮಲ್ಲಿ ಬೇರೆ ತರಬೇತಿ ಬೇಕಾಗುವುದಿಲ್ಲ.